ಅಪ್ಪ-ಅಮ್ಮನ ಅತಿ ಕಾಳಜಿಯಿಂದಲೇ ನನಗೆ ಜನರೊಡನೆ ಮಾತಾಡಲು ಹೆದರಿಕೆಯೇ?

ವಯಸ್ಸು 22, ಮೊದಲ ಕೆಲಸ. ಬ್ಯಾಂಕಿಗೂ ಅಮ್ಮನೇ ಫೋನ್ ಮಾಡಬೇಕು, ಮೀಟಿಂಗಲ್ಲಿ ಹೆಸರು ಕರೆದರೆ ಗಂಟಲು ಕಟ್ಟುತ್ತದೆ, ಇದೆಲ್ಲ ಅವರು ಬೆಳೆಸಿದ ರೀತಿಯಿಂದಲೇ ಆಯಿತೇ ಎಂದು ಕೇಳಿದ್ದೀರಿ. ಸ್ವಲ್ಪ ಹೌದು, ಪೂರ್ತಿ ಅಲ್ಲ. ನಾನು ಮುಂಬೈ ಪಕ್ಕದ ಡೊಂಬಿವಲಿಯವನು, ಮನೆಮಾತು ಕುಂದಾಪ್ರ ಕನ್ನಡ. ನಿಮ್ಮ ಕಥೆಯೇ ನನ್ನದೂ.

ಮಾಟುಂಗಾದ ಹೋಟೆಲಿನಲ್ಲಿ ವೇಟರ್ ನನ್ನತ್ತ ತಿರುಗಿ "ನಿಮಗೆ?" ಅಂದರೆ ನಾನು ಅಮ್ಮನ ಮುಖ ನೋಡುತ್ತಿದ್ದೆ. "ನೀ ಸುಮ್ನೆ ಕೂಕೋ ಮಗ, ನಾ ಹೇಳ್ತೆ" ಅಂದು ಅವಳೇ ಸಾದಾ ದೋಸೆ ಹೇಳುತ್ತಿದ್ದಳು. ನನಗಾಗ 21. ಬೇಕಿದ್ದದ್ದು ಇಡ್ಲಿ. ತೆಪ್ಪಗೆ ದೋಸೆ ತಿಂದೆ.

ಅವಳನ್ನು ದೂರಲೂ ಮನಸ್ಸು ಬರುವುದಿಲ್ಲ. 2005ರ ಜುಲೈ 26ಕ್ಕೆ ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಹೊಯ್ದಿತಲ್ಲ, ಅಪ್ಪ ಮನೆ ಮುಟ್ಟಿದ್ದು ಮರುದಿನ, ಅರ್ಧ ದಾರಿ ಹಳಿಯ ಮೇಲೆ ನಡೆದು. ಆ ರಾತ್ರಿಯಿಡೀ ಅಮ್ಮ ಬಾಗಿಲಲ್ಲೇ ಕೂತಿದ್ದಳು. ನನಗೆ ಆಗ 7. ಮುಂದೆ ಕಾಲೇಜು ಸೇರುವವರೆಗೂ ಒಬ್ಬನೇ ಲೋಕಲ್ ರೈಲು ಹತ್ತಲಿಲ್ಲ. ಆಮೇಲೂ ಹತ್ತಿದ್ದಕ್ಕೊಂದು, ಇಳಿದದ್ದಕ್ಕೊಂದು ಫೋನ್ ಮಾಡಲೇಬೇಕಿತ್ತು.

ಲೋಕಲಿನಲ್ಲಿ ಇಳಿಯುವುದೆಂದರೆ ಗೊತ್ತಲ್ಲ, ಮೊದಲೇ ಬಾಗಿಲ ಕಡೆ ಸರಿಯುತ್ತಾ ಎದುರಿನವನ ಹೆಗಲು ತಟ್ಟಿ "ಘಾಟ್ಕೋಪರ್ ಉತರೋಗೆ?" (ಘಾಟ್ಕೋಪರ್‌ನಲ್ಲಿ ಇಳೀತೀರಾ?) ಅನ್ನಬೇಕು. ಎರಡೇ ಶಬ್ದ. ಅದು ಬಾಯಿಗೆ ಬಾರದೆ ಎಷ್ಟೋ ಸಲ ಕುರ್ಲಾದವರೆಗೆ ಹೋಗಿ ವಾಪಸ್ ಬಂದಿದ್ದೇನೆ. ಕುರ್ಲಾದಲ್ಲೇ ಏನೋ ಕೆಲಸವಿದ್ದವನ ಹಾಗೆ ಮುಖ ಬೇರೆ ಮಾಡಿಕೊಂಡು! ಯಾರು ನೋಡುತ್ತಿದ್ದರೋ.

ಕೊನೆಗೆ ಠಾಣೆ ನಗರದಲ್ಲಿ ಒಬ್ಬರು ಕೌನ್ಸೆಲರ್ ಬಳಿ ಹೋದೆ. ನಮ್ಮ ಪರವಾಗಿ ಇನ್ನೊಬ್ಬರು ಮಾತಾಡಿದರೆ ಆ ಕ್ಷಣಕ್ಕೆ ಜೀವ ಹಗುರ. ಆದರೆ ನಾವೇ ಮಾತಾಡಿದ್ದರೂ ಆಕಾಶ ಬೀಳುತ್ತಿರಲಿಲ್ಲ ಎಂದು ಕಲಿಯುವ ಅವಕಾಶ ಹೋಯಿತು, ಹೆದರಿಕೆ ಮುಂದಿನ ಸಲಕ್ಕೆ ಹಾಗೇ ಉಳಿಯಿತು ಅಂದರು. ಇದು ಎರಡೂ ಕಡೆಯಿಂದ ನಡೆಯುತ್ತದೆ: ಅಂಜುವ ಮಗುವನ್ನು ಕಂಡರೆ ತಾಯಿ ಇನ್ನೂ ಮುಂದೆ ಬೀಳುತ್ತಾಳೆ. ಹುಟ್ಟುಗುಣದ ಪಾಲೂ ಇದೆ. ಅದೇ ಅಮ್ಮ ಬೆಳೆಸಿದ ನನ್ನ ಅಕ್ಕ ಮೀನಿನವಳ ಹತ್ತಿರ ಮರಾಠಿಯಲ್ಲಿ ಜಗಳವಾಡಿ ಬಂಗುಡೆ ತರುತ್ತಾಳೆ. 47 ಅಧ್ಯಯನಗಳನ್ನು ಒಟ್ಟು ಮಾಡಿದ 2007ರ ವಿಶ್ಲೇಷಣೆಯಲ್ಲಿ, ಮಕ್ಕಳ ಆತಂಕದಲ್ಲಿ ಕಾಣುವ ಹೆಚ್ಚುಕಡಿಮೆಗೆ ಪಾಲನೆಯ ರೀತಿಯ ಪಾಲು ಒಟ್ಟಾರೆ ಸುಮಾರು 4% ಮಾತ್ರ. ಆದರೆ ಮಗುವಿಗೆ ತನ್ನ ಕೆಲಸ ತಾನೇ ಮಾಡಲು ಬಿಟ್ಟರೇ ಇಲ್ಲವೇ ಎಂಬುದನ್ನಷ್ಟೇ ನೋಡಿದಾಗ ಅದು 18%. ನನಗೆ ನಾಟಿದ್ದು ಆ ಎರಡನೆಯ ಅಂಕಿ.

ಅಮ್ಮನ ಜೊತೆ ಲೆಕ್ಕ ಚುಕ್ತಾ ಮಾಡಲು ಹೋಗಬೇಡಿ. ನಾನು ಹೋಗಿದ್ದೆ, ಎರಡು ದಿನ ಮನೆಯಲ್ಲಿ ಸರಿಯಾಗಿ ಊಟವಿಲ್ಲ. ಕೆಲಸಕ್ಕೆ ಬಂದದ್ದು ಕೌನ್ಸೆಲರ್ ಕೊಟ್ಟ ಹೋಮ್‌ವರ್ಕು: ಲೋಕಲಿನಲ್ಲಿ ದಿನಕ್ಕೊಬ್ಬರನ್ನು ಕೇಳುವುದು, ಏನಾಗಬಹುದು ಎಂದು ಮೊದಲೇ ಬರೆದಿಡುವುದು, ಏನಾಯಿತು ಎಂದು ಆಮೇಲೆ ಬರೆಯುವುದು. ಮೊದಲ ದಿನ "ಬೈಯುತ್ತಾನೆ, ಸುತ್ತಲಿದ್ದವರು ನಗುತ್ತಾರೆ" ಅಂತ ಬರೆದಿದ್ದೆ. ಆ ಮನುಷ್ಯ ಇಯರ್‌ಫೋನ್ ಸಹ ತೆಗೆಯದೆ "ಕುರ್ಲಾ" ಅಂದು ಸ್ವಲ್ಪ ಓರೆಯಾಗಿ ನಿಂತ. ಅಷ್ಟೇ. ಮೂರು ವಾರ ಬೇಕಾಯಿತು ಕೈ ಬೆವರುವುದು ಕಡಿಮೆಯಾಗಲು.

ನಿಮ್ಮದು ಬರೀ ಸಂಕೋಚವೋ ಕಾಯಿಲೆಯೋ ಎಂದು ನಾನು ಹೇಳುವಂತಿಲ್ಲ. ಆರು ತಿಂಗಳಿಗೂ ಮೀರಿ ಹೀಗೇ ಇದ್ದು, ಕೆಲಸಕ್ಕೇ ಅಡ್ಡಿಯಾಗುತ್ತಿದ್ದರೆ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಫೋನಿಗೇ ಹೆದರುವವರಿಗೆ ಫೋನ್ ನಂಬರ್ ಕೊಡುತ್ತಿದ್ದೇನೆ, ಗೊತ್ತು. ನಾನು ಎರಡು ಸಲ ರಿಂಗ್ ಆಗುತ್ತಿದ್ದಂತೆ ಕಟ್ ಮಾಡಿ, ಮೂರನೆಯ ಸಲ ಮಾತಾಡಿದೆ.