ನನ್ನ ಹ್ಯಾಮ್ ಕೈಸೆಟ್‌ಗೆ (ಕೈಯಲ್ಲಿ ಹಿಡಿಯುವ ರೇಡಿಯೊ) ಹಾಕಿದ ಹೊಸ ಆಂಟೆನಾ ಎಸ್‌ಡಬ್ಲ್ಯೂಆರ್ 1.2 ಇದ್ದರೂ ರಿಪೀಟರ್ (ಸಿಗ್ನಲ್ ಹಿಡಿದು ಮರುಪ್ರಸಾರ ಮಾಡುವ ಕೇಂದ್ರ) ಮುಟ್ಟುತ್ತಿಲ್ಲ, 2.1 ತೋರಿಸುವ ಹಳೆಯದು ಮುಟ್ಟುತ್ತದೆ, ಯಾಕೆ?

ಬಹುಶಃ ನೀವು ಅಳೆಯುತ್ತಿರುವುದೇ ಬೇರೆ ವಿಷಯ. ಎಸ್‌ಡಬ್ಲ್ಯೂಆರ್ ಹೇಳುವುದು ಆಂಟೆನಾದಿಂದ ಸೆಟ್ಟಿಗೆ ಎಷ್ಟು ಪವರ್ ವಾಪಸ್ ಬಂತು ಅನ್ನೋದನ್ನು ಮಾತ್ರ (1.0 ಅಂದರೆ ಏನೂ ವಾಪಸ್ ಬಂದಿಲ್ಲ). ಡಮ್ಮಿ ಲೋಡ್ (ಪವರನ್ನು ಶಾಖವಾಗಿಸುವ ರೆಸಿಸ್ಟರ್) ಕೂಡ 1.0 ತೋರಿಸುತ್ತದೆ, ಆದರೆ ಗಾಳಿಗೆ ಏನೂ ಹೋಗಲ್ಲ ಅಲ್ವಾ? ಜೊತೆಗೆ ಕೈಸೆಟ್‌ನಲ್ಲಿ ಸೆಟ್ಟಿನ ಬಾಡಿ ಮತ್ತು ನಿಮ್ಮ ಕೈ ಆಂಟೆನಾದ ಇನ್ನರ್ಧ. ನ್ಯಾನೋವಿಎನ್‌ಎಗೆ (ಎಸ್‌ಡಬ್ಲ್ಯೂಆರ್ ಅಳೆಯುವ ಪುಟ್ಟ ಉಪಕರಣ) ಕೇಬಲ್‌ನಲ್ಲಿ ಸಿಕ್ಕಿಸಿದಾಗ ಆ ಅರ್ಧವೇ ಬದಲಾಗುತ್ತದೆ.

ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ರೇಡಿಯೊ ರಿಸೀವರ್) ಇದ್ದರೆ ಹೀಗೆ ಮಾಡಿ. ಬಯಲಲ್ಲಿ ಲ್ಯಾಪ್‌ಟಾಪ್ ಇಟ್ಟು 30 ಮೀಟರ್ ದೂರ ನಿಲ್ಲಿ. ಡಾಂಗಲ್‌ಗೆ ನೆಟ್ಟಗೆ ನಿಲ್ಲಿಸಿದ ಒಂದು ತುಂಡು ವೈರ್ ಸಾಕು. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ತಾನಾಗೇ ಹೊಂದಿಸುವ ಎಜಿಸಿ ಆಫ್ ಮಾಡಿ, ಗೇನ್ ತೀರಾ ಕಡಿಮೆ ಇಡಿ. ಮೊದಲು ಡಾಂಗಲ್ ಓವರ್‌ಲೋಡ್ ಆಗಿಲ್ಲ ಅಂತ ಖಚಿತ ಮಾಡಿಕೊಳ್ಳಿ: 5 ವಾಟ್‌ನಿಂದ 1 ವಾಟ್‌ಗೆ ಇಳಿಸಿದರೆ ಲ್ಯಾಪ್‌ಟಾಪ್‌ನಲ್ಲಿ ಕಾಣುವ ಸಿಗ್ನಲ್‌ನ ಪೀಕ್ ಸುಮಾರು 7 ಡಿಬಿ ಇಳಿಯಬೇಕು. ಇಳಿಯದಿದ್ದರೆ ಇನ್ನೂ ದೂರ ಹೋಗಿ. ಈ ಪರೀಕ್ಷೆ ಮಾಡದಿದ್ದರೆ ಮುಂದಿನ ಅಂಕಿಗಳೆಲ್ಲ ಸುಳ್ಳು.

ಆಮೇಲೆ 1 ವಾಟ್‌ನಲ್ಲೇ, ಖಾಲಿ ಇರುವ ಫ್ರೀಕ್ವೆನ್ಸಿಯಲ್ಲಿ, ಕಾಲ್‌ಸೈನ್ (ನಿಮ್ಮ ಹ್ಯಾಮ್ ಗುರುತು) ಹೇಳಿ ಹಳೆಯದು, ಹೊಸದು, ಮತ್ತೆ ಹಳೆಯದು ಹಾಕಿ ನೋಡಿ. ಬಾಯಿ ಹತ್ತಿರ, ಮಾತಾಡುವಾಗ ಹಿಡಿಯುವ ಹಾಗೇ ಹಿಡಿಯಿರಿ. ಹಳೆಯದರ ಎರಡು ರೀಡಿಂಗ್ ಹೊಂದದಿದ್ದರೆ ಆ ಸುತ್ತು ಬಿಟ್ಟುಬಿಡಿ. ಅರ್ಧ ಮೀಟರ್ ಸರಿದು ಇನ್ನೂ 3-4 ಸಲ ಮಾಡಿ, ಪ್ರತಿಫಲನದಿಂದ ಜಾಗಕ್ಕೊಂದು ಲೆಕ್ಕ ಬರುತ್ತದೆ. 2 ಡಿಬಿಗಿಂತ ಕಡಿಮೆ ವ್ಯತ್ಯಾಸವನ್ನು ನಾನಂತೂ ನಂಬಲ್ಲ. 6 ಡಿಬಿ ಕಡಿಮೆ ಬಂದರೆ ಹೊಸದನ್ನು ಸುಮ್ನೆ ವಾಪಸ್ ಕೊಡಿ.