‘ಮಾರಿತು’ ಎಂದು ಬರೆಯುವ ಮುನ್ನ ದುಡ್ಡಿನ ಜಾಡು ಹಿಡಿಯಿರಿ

ಆತ್ಮೀಯರೇ,

ಆರ್ಥಿಕ ಸುಧಾರಣೆಯ ಕಾಲದ ಸರ್ಕಾರಿ ಉದ್ದಿಮೆಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, 1991ರ ಹಿನ್ನೆಲೆಯೂ ಸರಿಯಾಗಿದೆ. ಆದರೆ ಮೂರನೇ ಪುಟಕ್ಕೆ ಬಂದಾಗ ನಿಜಕ್ಕೂ ಸಿಟ್ಟು ಬಂತು. ಷೇರು ಕೈ ಬದಲಾದಲ್ಲೆಲ್ಲ ‘ಖಾಸಗೀಕರಣ’ ಎಂದುಬಿಟ್ಟಿದ್ದೀರಿ.

ಅಲ್ಲಿನ ಒಂದು ಸಾಲು: ‘2018ರಲ್ಲಿ ಸರ್ಕಾರ ಎಚ್‌ಪಿಸಿಎಲ್ ಅನ್ನು ಖಾಸಗಿಯವರಿಗೆ ಒಪ್ಪಿಸಿತು.’ ಇಲ್ಲ. ಇಂಧನ ಮಾರುವ ಆ ಕಂಪನಿಯಲ್ಲಿದ್ದ ಕೇಂದ್ರದ ಶೇ 51.11ರಷ್ಟು ಪಾಲನ್ನು ₹36,915 ಕೋಟಿಗೆ ಕೊಂಡದ್ದು ತೈಲ ಹುಡುಕುವ ಒಎನ್‌ಜಿಸಿ. ಅದೂ ಸರ್ಕಾರದ್ದೇ. 2013ರ ಕಂಪನಿ ಕಾಯ್ದೆಯಂತೆ ಸರ್ಕಾರಿ ಕಂಪನಿಯ ಅಧೀನ ಕಂಪನಿಯೂ ಸರ್ಕಾರಿ ಕಂಪನಿಯೇ. ಸರ್ಕಾರಿ ಲೆಕ್ಕ ತಪಾಸಿಸುವ ಸಿಎಜಿಯ ಕಣ್ಗಾವಲು ಹಾಗೇ ಉಳಿಯಿತು. ಈ ಹಣವೂ ಸೇರಿ, 2017–18ರ ₹72,500 ಕೋಟಿಯ ಬಂಡವಾಳ ಹಿಂತೆಗೆತದ (ಅಂದರೆ ಸರ್ಕಾರಿ ಷೇರು ಮಾರಾಟದ) ಗುರಿಯನ್ನು ಕೇಂದ್ರ ದಾಟಿತು. ಅತ್ತ ಒಎನ್‌ಜಿಸಿ ಈ ಖರೀದಿಗಾಗಿ ಸಾಲ ಎತ್ತಬೇಕಾಯಿತು. ತೈಲ ಹುಡುಕಬೇಕಾದ ಕಂಪನಿಯ ಲೆಕ್ಕಪುಸ್ತಕದಲ್ಲಿ ಬೊಕ್ಕಸದ ಕೊರತೆ ಹೋಗಿ ಕೂತದ್ದು ಹೀಗೆ. ನಿಮ್ಮ ಲೇಖನದ ತಿರುಳೇ ಇದಾಗಬೇಕಿತ್ತು.

ಮುಂದಿನ ಸಾಲು: ‘ಏರ್ ಇಂಡಿಯಾ ಮಾರಿ ₹18,000 ಕೋಟಿ ಗಳಿಸಿತು.’ ಅದು ಬಿಡ್ ಮೊತ್ತ. ಅದರಲ್ಲಿ ₹15,300 ಕೋಟಿ ಟಾಟಾ ವಹಿಸಿಕೊಂಡ ಸಾಲ. ನಗದು ₹2,700 ಕೋಟಿ ಮಾತ್ರ. 2021ರ ಆಗಸ್ಟ್ ಕೊನೆಗೆ ಒಟ್ಟು ಸಾಲ ₹61,562 ಕೋಟಿ ಇತ್ತು. ಉಳಿದ ₹46,262 ಕೋಟಿಯನ್ನು ಸರ್ಕಾರದ್ದೇ ಆದ ಇನ್ನೊಂದು ಕಂಪನಿಗೆ ವರ್ಗಾಯಿಸಿದರು. 2018ರಲ್ಲಿ ಒಂದೂ ಬಿಡ್ ಬಾರದಿದ್ದದ್ದನ್ನು ಹೇಳಿದ್ದೀರಿ, ಕಾರಣ ಹೇಳಿಲ್ಲ. ಆಗ ಶೇ 24ರಷ್ಟು ಪಾಲನ್ನು ಸರ್ಕಾರ ತನ್ನಲ್ಲೇ ಇಟ್ಟುಕೊಳ್ಳಲಿತ್ತು, ಕೊಳ್ಳುವವರು ಹೊರಬೇಕಾದ ಸಾಲವನ್ನೂ ತಾನೇ ನಿಗದಿ ಮಾಡಿತ್ತು. ಎರಡನೇ ಯತ್ನದಲ್ಲಿ ಪೂರ್ತಿ ಪಾಲು ಮಾರಾಟಕ್ಕಿಟ್ಟು, ಎಷ್ಟು ಸಾಲ ಹೊರುವಿರಿ ಎಂಬುದನ್ನು ಬಿಡ್ ಮಾಡುವವರಿಗೇ ಬಿಟ್ಟರು. ವ್ಯವಹಾರ ಕುದುರಿದ್ದು ಆಗ.

ನಾನು ಸುದ್ದಿಮನೆಯಲ್ಲಿ ಕೆಲಸ ಕಲಿಯುವಾಗ ಇಂಥ ಸುದ್ದಿ ಬಂದರೆ ಹಿರಿಯರು ಮೊದಲು ಹಾಳೆಯ ಮೇಲೆ ಗೆರೆ ಎಳೆಸುತ್ತಿದ್ದರು: ದುಡ್ಡು ಯಾರ ಖಾತೆಯಿಂದ ಹೊರಟಿತು, ಯಾರ ಖಾತೆಗೆ ಸೇರಿತು, ಸಾಲ ಯಾರ ಬಳಿ ಉಳಿಯಿತು, ನಿರ್ದೇಶಕರನ್ನು ಇನ್ನು ನೇಮಿಸುವವರು ಯಾರು. ಕೊನೆಯ ಉತ್ತರ ‘ಸರ್ಕಾರ’ ಎಂದಾದರೆ ಖಾಸಗೀಕರಣ ಎಂಬ ಪದ ಬಳಸುವಂತಿಲ್ಲ. ನಿಯಂತ್ರಣವೂ ಕೈಬಿಟ್ಟ ಉದಾಹರಣೆ ಬೇಕಿದ್ದರೆ ಮಾರುತಿ ಇದೆ: 2002ರಲ್ಲಿ ಹಿಡಿತ ಸುಜುಕಿಗೆ, 2003ರಲ್ಲಿ ಸಾರ್ವಜನಿಕರಿಗೆ ಷೇರು, 2007ಕ್ಕೆ ಸರ್ಕಾರ ಪೂರ್ತಿ ಹೊರಕ್ಕೆ.

‘ಅದಕ್ಷತೆಯಿಂದಲೇ ನಷ್ಟ’ ಎಂಬ ಸಾಲನ್ನೂ ಒಡೆದು ಬರೆಯಿರಿ. 2014ರ ಅಕ್ಟೋಬರ್‌ವರೆಗೆ ತೈಲ ಕಂಪನಿಗಳು ಡೀಸೆಲ್ ಬೆಲೆಯನ್ನು ತಾವಾಗಿ ನಿಗದಿ ಮಾಡುವಂತಿರಲಿಲ್ಲ. ಸರ್ಕಾರದ ಅಪ್ಪಣೆಯಂತೆ ಕಡಿಮೆ ಬೆಲೆಗೆ ಮಾರಿದ್ದರಿಂದ ಆದ ಖೋತಾ ಬೇರೆ, ಕೆಟ್ಟ ಆಡಳಿತದಿಂದ ಆದ ನಷ್ಟ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಉಳಿದ ಪುಟಗಳನ್ನು ಈಗ ಮುಟ್ಟಬೇಡಿ. ಮೂರನೇ ಪುಟವನ್ನಷ್ಟೇ ಹೊಸದಾಗಿ ಬರೆದು ಕಳಿಸಿ, ನಾನು ಓದುತ್ತೇನೆ.

ಇಂತಿ,
ಸಂಪಾದಕ