ನೆನಪಿರುವ ಲೋಹದ ವಾಲ್ವ್: ಎಣ್ಣೆ ಬಾವಿಗೆ ಸರಿ, ನಮ್ಮ ಬೋರ್‌ವೆಲ್‌ಗೆ ಯಾಕೆ ಬೇಡ

ಪ್ರಶ್ನೆ ಹಾಕಿದ ಅಣ್ಣನಿಗೂ, ಕೆಳಗೆ "ನನಗೂ ಎರಡು ಬೇಕು, ಎಲ್ಲಿ ಸಿಗುತ್ತೆ" ಅಂತ ಬರೆದವರಿಗೂ ಸೇರಿಸಿ ಒಂದೇ ಉತ್ತರ. ಉದ್ದ ಆಗುತ್ತೆ, ಬಿಡುವಾದಾಗ ಓದಿ.

ನೀವು ಕೇಳಿದ್ದು: ಬಿಸಿ ತಾಗಿದ ಕೂಡಲೇ ತಾನಾಗೇ ಹಳೇ ಆಕಾರಕ್ಕೆ ಬರುವ ಸ್ಪ್ರಿಂಗ್ ಇಟ್ಟು, ಕರೆಂಟೂ ಸೆನ್ಸರೂ ಇಲ್ಲದೆ ಎಣ್ಣೆ ಬಾವಿಯ ಪಂಪಿಗೆ ಬರುವ ಹರಿವನ್ನು ತಡೆಯುವ ವಿಡಿಯೊ ನೋಡಿದ್ದೀರಿ. ಅದನ್ನೇ ನಿಮ್ಮ 600 ಅಡಿ ಬೋರಿಗೆ ಇಳಿಸಿದರೆ ನೀರು ಖಾಲಿಯಾದಾಗ ಮೋಟರ್ ಉಳಿಯುತ್ತಾ? ಉಳಿಯಲ್ಲ. ಇನ್ನೂ ಬೇಗ ಹೋಗಬಹುದು. ಕಾರಣ ಗೊತ್ತಾಗಬೇಕಾದರೆ ಎಣ್ಣೆ ಬಾವಿಯಲ್ಲಿ ಅದು ಮಾಡುವ ಕೆಲಸ ಏನು ಅಂತ ಮೊದಲು ನೋಡಬೇಕು.

ಲೋಹದ ಹೆಸರು ನಿಟಿನಾಲ್. ಪರಮಾಣು ಲೆಕ್ಕದಲ್ಲಿ ನಿಕಲ್ ಅರ್ಧ, ಟೈಟೇನಿಯಂ ಅರ್ಧ. 1959ರ ಹೊತ್ತಿಗೆ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಬೇರೇನೋ ಹುಡುಕುತ್ತಿದ್ದಾಗ ಸಿಕ್ಕಿದ್ದು. ತಣ್ಣಗಿದ್ದಾಗ ಮೆತ್ತಗಿರುತ್ತೆ, ಹೇಗೆ ಬೇಕಾದರೂ ಬಾಗುತ್ತೆ. ಒಂದು ಮಟ್ಟದ ಬಿಸಿ ದಾಟಿತೋ, ಒಳಗಿನ ಪರಮಾಣುಗಳ ಜೋಡಣೆ ಬದಲಾಗಿ ಮೊದಲಿನ ಆಕಾರಕ್ಕೆ ವಾಪಸ್, ಅದೂ ಒಳ್ಳೆ ಬಲದಿಂದ. ಆ ಮಟ್ಟ ಎಷ್ಟು ಅನ್ನುವುದು ನಿಕಲ್ ಪ್ರಮಾಣದ ಮೇಲೆ ನಿಂತಿದೆ. ಶೇಕಡಾ 0.1ರಷ್ಟು ಹೆಚ್ಚುಕಮ್ಮಿ ಆದರೂ ಹತ್ತು ಡಿಗ್ರಿ ಆಚೀಚೆ ಆಗಿಬಿಡುತ್ತೆ. ಆದ್ದರಿಂದ "45 ಡಿಗ್ರಿ ಸ್ಪ್ರಿಂಗ್" ಅಂತ ಆನ್‌ಲೈನಲ್ಲಿ ತರಿಸಿದ್ದು ನಿಜಕ್ಕೂ 45ಕ್ಕೇ ಎಳೆಯುತ್ತೆ ಅಂತ ನಂಬಬೇಡಿ, ಬಿಸಿನೀರಿನ ಪಾತ್ರೆಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿ.

ಈಗ ಬಾವಿಗೆ ಬರೋಣ. ಕೆನಡಾದ ಆಲ್ಬರ್ಟಾದಲ್ಲಿ ಹೆಚ್ಚಿನ ಎಣ್ಣೆ ಅನ್ನುವುದು ಮರಳಿನಲ್ಲಿ ಅಂಟಿಕೊಂಡ ಡಾಂಬರು, ತಾನಾಗಿ ಹರಿಯಲ್ಲ. ಅಡ್ಡಕ್ಕೆ ಮಲಗಿದ ಎರಡು ಬಾವಿ ಕೊರೆಯುತ್ತಾರೆ, ಒಂದರ ಕೆಳಗೆ ಇನ್ನೊಂದು, ನಡುವೆ ಸುಮಾರು 5 ಮೀಟರ್. ಮೇಲಿನದಕ್ಕೆ ಹಬೆ ತುಂಬುತ್ತಾರೆ. ಡಾಂಬರು ಕರಗಿ, ತಣಿದ ಹಬೆಯ ನೀರಿನ ಜೊತೆ ಕೆಳಗಿನ ಬಾವಿಗೆ ಇಳಿಯುತ್ತೆ, ಅಲ್ಲಿಂದ ಪಂಪು ಎತ್ತುತ್ತೆ. ನೂರಾರು ಮೀಟರ್ ಉದ್ದದ ಕೆಳಗಿನ ಕೊಳವೆಯಲ್ಲಿ ಯಾವುದೋ ಒಂದು ಜಾಗದಲ್ಲಿ ಹಬೆ ನೇರವಾಗಿ ನುಗ್ಗಿದರೆ ಕಥೆ ಕೆಡುತ್ತೆ. ಪಂಪಿಗೆ ದ್ರವದ ಬದಲು ಆವಿ ಸಿಗುತ್ತೆ, ಒಳಗಿನ ರೆಕ್ಕೆಚಕ್ರ (ಇಂಪೆಲರ್) ಬರಿದೇ ತಿರುಗುತ್ತೆ, ದುಡ್ಡು ಸುರಿದು ಮಾಡಿದ ಹಬೆಯೂ ವ್ಯರ್ಥ. ಎಣ್ಣೆ ಒಳಬರಲು ಕೊಳವೆಯುದ್ದಕ್ಕೂ ಬಿಟ್ಟ ಕಿಂಡಿಗಳಲ್ಲಿ, ಎಲ್ಲಿ ಬಿಸಿ ಮಿತಿ ಮೀರಿತೋ ಅಲ್ಲಿನದು ಮಾತ್ರ ಮುಚ್ಚಿ ಉಳಿದವು ತೆರೆದೇ ಇರಬೇಕು. ಅಷ್ಟು ಬಿಸಿಯಲ್ಲಿ ಒಂದೊಂದು ಕಿಂಡಿಗೂ ವೈರ್ ಎಳೆದು ಮೋಟರ್ ಕೂರಿಸುವುದು ತಲೆನೋವು. ನೆನಪಿರುವ ಲೋಹವಾದರೆ ತಾನೇ ಥರ್ಮಾಮೀಟರ್, ತಾನೇ ಕೈ. ಈ ಆಸೆಯಿಂದಲೇ ಎಣ್ಣೆ ಕಂಪನಿಗಳು ಇದರ ಬೆನ್ನು ಹತ್ತಿರುವುದು.

ಇಲ್ಲೊಂದು ಮುಖ್ಯ ಸಂಗತಿ ಇದೆ. ಆ ಬಾವಿಯಲ್ಲಿ ಬಿಸಿಯೇ ಸುದ್ದಿ. ಏನು ಹರಿದು ಬರುತ್ತಿದೆ ಅನ್ನುವುದನ್ನು ಉಷ್ಣತೆಯೊಂದೇ ಹೇಳಿಬಿಡುತ್ತೆ.

ಅಲ್ಲೂ ಇದು ಸಲೀಸಲ್ಲ, ವಿಡಿಯೊ ಮಾಡಿದವರು ಅದನ್ನು ಹೇಳಲ್ಲ. ಮಾಮೂಲಿ ನಿಟಿನಾಲ್ 100 ಡಿಗ್ರಿ ಹತ್ತಿರಕ್ಕೇ ನಿಂತುಹೋಗುತ್ತೆ, ಹಬೆ ಬಾವಿಯಲ್ಲಿ 200 ದಾಟುತ್ತೆ. ಹಾಗಾಗಿ ಹಾಫ್ನಿಯಂ, ಪಲ್ಲಾಡಿಯಂ ಇಲ್ಲವೇ ಪ್ಲಾಟಿನಂ ಬೆರೆಸಿದ ತಳಿ ಬೇಕು, ಬೆಲೆ ಕೇಳಲೇಬೇಡಿ. ಎರಡನೆಯದು, ನೀರು ಆವಿಯಾಗುವ ಬಿಸಿ ಒತ್ತಡದ ಜೊತೆ ಏರುತ್ತೆ: 10 ಕೆಜಿ ಪ್ರೆಶರ್‌ನಲ್ಲಿ ಸುಮಾರು 180 ಡಿಗ್ರಿ, 20ರಲ್ಲಿ 212ರ ಹತ್ತಿರ, 40ರಲ್ಲಿ 250. ಬಾವಿಯ ಒತ್ತಡ ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ, ಸ್ಪ್ರಿಂಗಿನ ಡಿಗ್ರಿ ಮಾತ್ರ ಕರಗಿಸುವಾಗ ಎಷ್ಟಿತ್ತೋ ಅಷ್ಟೇ. ಹಾಗಾಗಿ ಅಲ್ಲಿ ಈಗ ಹೆಚ್ಚಾಗಿ ಕಾಣುವುದು ಚಲಿಸುವ ಭಾಗವೇ ಇಲ್ಲದ ಕಿಂಡಿಗಳು. ಬಿಸಿ ನೀರು ಸಂದಿಯಲ್ಲಿ ನುಗ್ಗುವಾಗ ಒತ್ತಡ ಇಳಿದು ಆವಿಯಾಗಿ ಉಬ್ಬುತ್ತೆ, ಉಬ್ಬಿದ್ದೇ ದಾರಿಗೆ ಅಡ್ಡ ಆಗುತ್ತೆ. ನನಗೆ ಕೇಳಿದರೆ ಲೋಹಕ್ಕಿಂತ ಇದೇ ಜಾಣತನ.

ಹಬೆ ಇಲ್ಲದ ಮಾಮೂಲಿ ಎಣ್ಣೆ ಬಾವಿಯಲ್ಲಂತೂ ಇನ್ನೂ ಕಷ್ಟ. ಅಲ್ಲಿ ಕೆಳಗಿನಿಂದ ನುಗ್ಗುವ ನೀರನ್ನು ತಡೆಯಬೇಕು. ಭೂಮಿಯೊಳಗೆ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತೆ ಅಂದರೆ 50 ಮೀಟರ್ ಕೆಳಗಿನ ನೀರು ಎಣ್ಣೆಗಿಂತ ಒಂದೂವರೆ ಡಿಗ್ರಿ ಬಿಸಿ, ಅಷ್ಟೇ. ಆದರೆ ನಿಟಿನಾಲ್ ಎಳೆಯುವ ಡಿಗ್ರಿಗೂ ವಾಪಸ್ ಸಡಿಲಾಗುವ ಡಿಗ್ರಿಗೂ ನಡುವೆ 20ರಿಂದ 30 ಡಿಗ್ರಿ ಅಂತರ, ಒಂದೂವರೆ ಡಿಗ್ರಿ ವ್ಯತ್ಯಾಸಕ್ಕೆ ಅದು ಮುಚ್ಚಿ ತೆರೆಯಲ್ಲ. ತಾಮ್ರ ಸೇರಿಸಿದರೆ 10ರಿಂದ 15ಕ್ಕೆ ಇಳಿಯುತ್ತೆ. ಆರ್-ಫೇಸ್ ಅನ್ನುವ ನಡುಸ್ಥಿತಿಯನ್ನು ಬಳಸಿದರೆ ಎರಡು ಮೂರು ಡಿಗ್ರಿಗೂ ತರಬಹುದು, ಲಕ್ಷಾಂತರ ಸಲ ಬಾಳಿಕೆಯೂ ಬರುತ್ತೆ, ಆದರೆ ಆಗ ಲೋಹ ತನ್ನ ಉದ್ದದ ಶೇಕಡಾ 1ರಷ್ಟೂ ಚಲಿಸಲ್ಲ. ಜೊತೆಗೆ ಭಾರ ಹೇರಿದಷ್ಟೂ ಎಳೆಯುವ ಡಿಗ್ರಿ ಮೇಲೆ ಹೋಗುತ್ತೆ. ಟೈಟೇನಿಯಂ ಹೈಡ್ರೋಜನ್ ಹೀರಿ ಗಾಜಿನ ಹಾಗೆ ಮುರಿಯುವ ಭಯ ಬೇರೆ.

ಒಂದೇ ಸಲ ಕೆಲಸ ಮಾಡಿ ಸುಮ್ಮನಿರುವ ಕಡೆ ಈ ಲೋಹ ನಿಜವಾಗಿ ಗೆದ್ದಿದೆ. ಅಮೆರಿಕದ ಎಫ್-14 ಯುದ್ಧವಿಮಾನದ ಹೈಡ್ರಾಲಿಕ್ ಪೈಪುಗಳನ್ನು ರೇಕೆಮ್ ಕಂಪನಿಯ ನಿಟಿನಾಲ್ ಉಂಗುರಗಳಿಂದ ಜೋಡಿಸಿದ್ದರು: ದ್ರವ ಸಾರಜನಕದಲ್ಲಿ ತಣ್ಣಗಿಟ್ಟು, ಪೈಪಿಗೆ ತೊಡಿಸಿ ಬಿಟ್ಟರೆ ಬೆಚ್ಚಗಾಗುತ್ತಾ ಕಚ್ಚಿಕೊಳ್ಳುತ್ತೆ. ವಿಡಿಯೊ ಕೊನೆಗೆ ಬರುವ, ಬಾವಿಯೊಳಗೆ ಉಬ್ಬಿ ಮರಳು ತಡೆಯುವ ಕಪ್ಪು ಸ್ಪಂಜು ಲೋಹವೇ ಅಲ್ಲ. ಬೇಕರ್ ಹ್ಯೂಸ್‌ನವರ ಜಿಯೋಫಾರ್ಮ್ ಥರದ್ದು, ಆಕಾರ ನೆನಪಿರುವ ಪಾಲಿಮರ್.

ಇನ್ನು ನಿಮ್ಮ ಬೋರು. ಸಬ್‌ಮರ್ಸಿಬಲ್‌ನಲ್ಲಿ ಮೋಟರ್ ಕೆಳಗೆ, ಪಂಪು ಮೇಲೆ. ಪಂಪಿಗೆ ಹೋಗುವ ನೀರು ಮೋಟರ್ ಮೈಸವರಿಕೊಂಡು ಹೋದರೆ ಮೋಟರ್ ತಣ್ಣಗಿರುತ್ತೆ. ನೀರು ಇಳಿದಾಗ ಹರಿವು ನಿಲ್ಲುತ್ತೆ, ಬಿಸಿ ಮೋಟರ್ ಒಳಗೇ ಕೂರುತ್ತೆ. ಡೆಲಿವರಿ ಪೈಪಿನಲ್ಲಿಟ್ಟ ಸ್ಪ್ರಿಂಗಿಗೆ ಆ ಬಿಸಿಯ ಸುದ್ದಿ ಮುಟ್ಟುವುದೇ ಇಲ್ಲ, ಸುದ್ದಿ ಒಯ್ಯಬೇಕಾದ ನೀರೇ ಹರಿಯುತ್ತಿಲ್ಲವಲ್ಲ. ನೀರು ತುಂಬಿದ ಮೋಟರ್‌ಗಳಲ್ಲಿ ವೈಂಡಿಂಗ್ ವೈರಿನ ಪಿವಿಸಿ ತಡೆಯುವುದು 70 ಡಿಗ್ರಿ ಅಷ್ಟೇ. ಸ್ಪ್ರಿಂಗ್ ಎದ್ದೇಳುವ ಹೊತ್ತಿಗೆ ವೈಂಡಿಂಗ್ ಕರಗಿರುತ್ತೆ. ಹೋಗಲಿ, ಸಮಯಕ್ಕೆ ಎದ್ದು ವಾಲ್ವ್ ಮುಚ್ಚಿತು ಅಂದುಕೊಳ್ಳಿ. ಪಂಪು ಮುಚ್ಚಿದ ಬಾಯಿಗೆ ತಿರುಗುತ್ತಲೇ ಇರುತ್ತೆ, ಒಳಗೆ ಉಳಿದ ನೀರು ಕುದಿಯುತ್ತೆ. ನಿಲ್ಲಿಸಬೇಕಾದ್ದು ಕರೆಂಟನ್ನು, ನೀರನ್ನಲ್ಲ. ಎಣ್ಣೆ ಬಾವಿಯವರೂ ತಮ್ಮ ಸಬ್‌ಮರ್ಸಿಬಲ್‌ಗೆ ಮಾಡುವುದು ಇದನ್ನೇ: ತಳದ ಸೆನ್ಸರ್ ಒತ್ತಡ, ಬಿಸಿ ಅಳೆದು ಪವರ್ ಕೇಬಲಿನಲ್ಲೇ ಮೇಲಕ್ಕೆ ಕಳಿಸುತ್ತೆ, ಮೇಲಿನ ಪ್ಯಾನೆಲ್ ವೇಗ ಇಳಿಸುತ್ತೆ ಅಥವಾ ಟ್ರಿಪ್ ಮಾಡುತ್ತೆ.

ನೀವು ಮಾಡಬೇಕಾದ್ದು: ಪ್ಯಾನೆಲ್‌ನಲ್ಲಿ ಡ್ರೈ ರನ್ ರಿಲೇ ಹಾಕಿಸಿ, ಅಂದರೆ ನೀರಿಲ್ಲದೆ ಓಡಿ ಆಂಪ್ಸ್ ಇಳಿದಾಗ ಮೋಟರ್ ಆಫ್ ಮಾಡುವ ಸಾಧನ. ನೀರು ತುಂಬಾ ಬರುತ್ತಿರುವಾಗ ಕ್ಲ್ಯಾಂಪ್ ಮೀಟರ್‌ನಲ್ಲಿ ಮೂರೂ ಫೇಸಿನ ಆಂಪ್ಸ್ ಬರೆದುಕೊಳ್ಳಿ. ಆಮೇಲೆ ನೀರು ತುಂಡುತುಂಡಾಗಿ, ಗಾಳಿ ಸೇರಿ ಬರುವಾಗ ಎಷ್ಟಿದೆ ನೋಡಿ. ಖಂಡಿತ ಕಡಿಮೆ ಇರುತ್ತೆ. ಮೋಟರ್ ಆಫ್ ಆಗುವ ಮಟ್ಟವನ್ನು (ಕಟ್ಟಿಂಗ್) ಎರಡರ ನಡುವೆ ಇಡಿ. ಬೇರೆಯವರ ಸೆಟ್ಟಿಂಗ್ ನಕಲು ಮಾಡಬೇಡಿ, ಒಂದೊಂದು ಮೋಟರ್ ಒಂದೊಂದು ಥರ. ಮತ್ತೆ ಸ್ಟಾರ್ಟ್ ಆಗುವ ಟೈಮರ್ ಅನ್ನು ಬೋರು ತುಂಬಲು ಬೇಕಾಗುವಷ್ಟು ಹೊತ್ತಿಗೆ ಇಡಿ, ಐದು ನಿಮಿಷಕ್ಕೆ ಇಟ್ಟು ಸ್ಟಾರ್ಟರ್ ಸುಡಿಸಿಕೊಳ್ಳಬೇಡಿ. ಇಳುವರಿ ಕಡಿಮೆ ಇದ್ದರೆ ಗೇಟ್ ವಾಲ್ವ್ ಸ್ವಲ್ಪ ತಿರುಗಿಸಿ ಬೋರು ಕೊಡುವಷ್ಟೇ ಎತ್ತಿ. ಸೆಲೆ ಪಂಪಿಗಿಂತ ಮೇಲಿದ್ದರೆ ಮೋಟರಿಗೆ ಕೇಸಿಂಗ್ ಪೈಪಿನ ಜಾಕೆಟ್ ತೊಡಿಸಿ, ಆಗ ನೀರು ಕೆಳಗಿಳಿದು ಮೋಟರ್ ಸುತ್ತಿಕೊಂಡೇ ಪಂಪಿಗೆ ಹೋಗುತ್ತೆ.

ನಿಟಿನಾಲ್ ಜೊತೆ ಆಡಲೇಬೇಕು ಅನ್ನುವವರು ನರ್ಸರಿಯಲ್ಲಿ ಆಡಿ. ಬಿಸಿಲಿಗೆ ಬಿದ್ದ ಕಪ್ಪು ಡ್ರಿಪ್ ಪೈಪಿನಲ್ಲಿ (ಲ್ಯಾಟರಲ್) ನಿಂತ ನೀರು ಎಳೆ ಸಸಿಯ ಬೇರು ಬೇಯಿಸುವಷ್ಟು ಕಾದಿರುತ್ತೆ. ಆ ಬಿಸಿ ನೀರನ್ನು ಹೊರಗೆ ಚೆಲ್ಲಿ, ತಣ್ಣೀರು ಬಂದಾಗ ಮುಚ್ಚಿಕೊಳ್ಳುವ ಸಣ್ಣ ವಾಲ್ವ್ ಮಾಡಬಹುದು. ನಿಟಿನಾಲ್ ಸ್ಪ್ರಿಂಗಿನ ಎದುರಿಗೆ ಮಾಮೂಲಿ ಸ್ಟೀಲ್ ಸ್ಪ್ರಿಂಗ್ ಇರಲೇಬೇಕು, ಇಲ್ಲದಿದ್ದರೆ ಒಮ್ಮೆ ತೆರೆದದ್ದು ಮುಚ್ಚಲ್ಲ. ಮುಚ್ಚುವ ಡಿಗ್ರಿ ನಿಮ್ಮ ಟ್ಯಾಂಕ್ ನೀರಿನ ಬಿಸಿಗಿಂತ ಮೇಲಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ಬೇಸಿಗೆಯಲ್ಲಿ ಇಲ್ಲೇ ಎಡವುವುದು. ಜಾಸ್ತಿ ಎಳೆಸಬೇಡಿ: ಉದ್ದದ ಶೇಕಡಾ 8ರವರೆಗೆ ಎಳೆದರೂ ವಾಪಸ್ ಬರುತ್ತೆ ಅಂತ ಬರೆದಿರುತ್ತಾರೆ, ಅದು ಒಂದೆರಡು ಸಲಕ್ಕೆ. ದಿನಾ ದುಡಿಸುವುದಾದರೆ ಎರಡು ಮೂರರ ಒಳಗೆ ಇರಲಿ. ಕರೆಂಟ್ ಹರಿಸಿ ಬಿಸಿ ಮಾಡುವ ಯೋಚನೆ ನೀರೊಳಗೆ ಬಿಟ್ಟುಬಿಡಿ. ಗಾಳಿಯಲ್ಲಿ ಕಾಲು ಮಿಲಿಮೀಟರ್ ತಂತಿ ಒಂದು ಆಂಪಿಯರಿಗೇ ಮುಕ್ಕಾಲು ಕೆಜಿ ಮೇಲೆ ಎಳೆಯುತ್ತೆ, ಹರಿವ ನೀರಿನಲ್ಲಿ ಆ ಬಿಸಿಯೆಲ್ಲ ಕೊಚ್ಚಿಕೊಂಡು ಹೋಗುತ್ತೆ. ಪಾಲಿಹೌಸ್ ಕಿಟಕಿ ತೆರೆಯಲು ಮಾತ್ರ ಇದು ಬೇಡ, ಬಿಸಿಗೆ ಉಬ್ಬಿ ತಳ್ಳುವ ಮೇಣದ ಸಿಲಿಂಡರ್ ಅಗ್ಗ, ಬಲವೂ ಜಾಸ್ತಿ.

ಅಣ್ಣ, ಮೋಟರ್ ಎಷ್ಟು ಎಚ್‌ಪಿ, ಎಷ್ಟು ಅಡಿಗೆ ಇಳಿಸಿದ್ದೀರಿ, ಎಷ್ಟು ಹೊತ್ತು ಓಡಿದ ಮೇಲೆ ನೀರು ಒಡೆಯುತ್ತೆ, ಇಷ್ಟು ಇಲ್ಲೇ ಹಾಕಿ. ಪ್ಯಾನೆಲ್ ಒಳಗಿನ ಫೋಟೋ ಇದ್ದರೆ ಅದೂ ಇರಲಿ, ತೆಗೆಯುವ ಮುಂಚೆ ಫ್ಯೂಸ್ ಕಿತ್ತಿಡಿ.